ಅಂತ್ಯದ ತಾರೀಖು ಇಲ್ಲದ ಸಾಲು

ಜೂನ್ 9, ಸೋಮವಾರ, ಬೆಳಗ್ಗೆ 6.40. ನನ್ನ ದಿನಚರಿಯ ಆ ಪುಟದಲ್ಲಿ ಒಂದೇ ಸಾಲಿದೆ: "ಪಂಚಾಯಿತಿ ಪುಟಗಳೆಲ್ಲ ಒಂದೇ ಮಾದರಿಗೆ. ಇವತ್ತು ಮೊದಲನೆಯದು."

ನಾವಿರುವುದು ಹೊಸಪೇಟೆಯ ಹತ್ತಿರ, ತುಂಗಭದ್ರಾ ಅಣೆಕಟ್ಟೆಯ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾಲುವೆ ವಿಭಾಗದ ಕಾಯಂ ನೌಕರರು. ನಾನು ಪಕ್ಕದ ಇನ್ನೊಂದು ಕಚೇರಿಯಲ್ಲಿ ಹೊರಗುತ್ತಿಗೆಯ ಮೇಲೆ ಡೇಟಾ ಎಂಟ್ರಿ ಮಾಡುತ್ತೇನೆ. ಉಪಕಾಲುವೆಗಳ ಮೇಲೆ ಇರುವವರು ನೀರಿನ ಮಟ್ಟ ಎಷ್ಟಿದೆ ಎಂದು ಫೋನಿನಲ್ಲಿ ಹೇಳುತ್ತಾರೆ. ಅದನ್ನು ತಾರೀಖು, ಹೊತ್ತು ಸಮೇತ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಹೊತ್ತು ಬರೆಯದ ಅಂಕಿಯನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ. ಸೇರಿದ ಮೊದಲ ವಾರದಲ್ಲೇ ಇದು ರೂಢಿಯಾಗಿ, ಮನೆಯಲ್ಲಿ ಹಾಲು ಉಕ್ಕಿದ ದಿನಗಳನ್ನೂ ಬರೆದಿಡುವ ಮಟ್ಟಕ್ಕೆ ಬಂದೆ. ಅವ್ವ ಒಮ್ಮೆ ಆ ಪಟ್ಟಿ ನೋಡಿ, ಮೇ ತಿಂಗಳಲ್ಲಿ ನಾಲ್ಕು ಸಲ ಅಂತ ಇರುವುದು ಸುಳ್ಳು, ಮೂರೇ ಸಲ ಎಂದು ಜಗಳವಾಡಿದ್ದಳು.

ಕಚೇರಿಗೆ ಹೋಗುವುದು ಹತ್ತಕ್ಕೆ. ಬೆಳಗಿನ ಮೂರು ತಾಸು ನನ್ನದು. ಆ ಹೊತ್ತಿನಲ್ಲಿ ನಾಲ್ಕು ವರ್ಷದಿಂದ ಒಂದು ಆನ್‌ಲೈನ್ ವಿಶ್ವಕೋಶದ ಕನ್ನಡ ಆವೃತ್ತಿಗೆ ಬರೆಯುತ್ತಿದ್ದೇನೆ. ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಬರೆಯುವವರಿಗಿಂತ ತಿದ್ದುವವರು ಕಡಿಮೆ. ನಮ್ಮ ಕಡೆಯ ಊರುಗಳ ಪುಟಗಳನ್ನು ನಿಯಮಿತವಾಗಿ ನೋಡಿಕೊಳ್ಳುವವರು ಮೂರೇ ಜನ. ಸಂಡೂರಿನಲ್ಲಿ ಗಣಿಯ ಸರ್ವೆ ಕೆಲಸದಲ್ಲಿರುವ ಒಬ್ಬರು, ಹಂಪಿಯಲ್ಲಿ ಪ್ರವಾಸಿಗರಿಗೆ ಊರು ತೋರಿಸುವ ಗೈಡ್ ಒಬ್ಬರು, ಮತ್ತು ನಾನು. ಇಬ್ಬರೂ ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಇಬ್ಬರೂ ನನಗೆ ಮೇಡಂ ಅನ್ನುತ್ತಾರೆ. ಬೇಡ ಎಂದು ಎರಡು ಸಲ ಹೇಳಿ ಬಿಟ್ಟುಬಿಟ್ಟೆ.

ಪಂಚಾಯಿತಿ ಪುಟಗಳ ಸ್ಥಿತಿ ಆಗ ಹೇಗಿತ್ತೆಂದರೆ, ಒಂದೊಂದೂ ಒಂದೊಂದು ಥರ. ಒಂದರಲ್ಲಿ ಅಧ್ಯಕ್ಷರು ಎಂದಿದ್ದರೆ ಇನ್ನೊಂದರಲ್ಲಿ ಚೇರ್ಮನ್ ಎಂದಿತ್ತು. ಸಂಡೂರು ಕಡೆಯ ಒಂದು ಪುಟದಲ್ಲಿ ಪಂಚಾಯಿತಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ, ಆದರೆ ಒಬ್ಬ ಸದಸ್ಯರ ಹುಟ್ಟುಹಬ್ಬದ ಶುಭಾಶಯ ಇತ್ತು. ಬಳ್ಳಾರಿ ಜಿಲ್ಲೆ ಎರಡಾಗಿ, ಹೊಸಪೇಟೆ ಹೊಸ ಜಿಲ್ಲೆಯ ಕೇಂದ್ರವಾಗಿ ವರ್ಷಗಳಾಗಿದ್ದರೂ ಅದರ ಸುತ್ತಿನ ಕೆಲವು ಊರುಗಳು ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಅದನ್ನು ಸರಿಮಾಡಲು ಹೋದ ಯಾರೋ ಒಬ್ಬರು ಉತ್ಸಾಹದಲ್ಲಿ, ಬಳ್ಳಾರಿಯಲ್ಲೇ ಉಳಿದ ಸಂಡೂರು, ಕಂಪ್ಲಿಗಳನ್ನೂ ಹೊಸ ಜಿಲ್ಲೆಗೆ ಸೇರಿಸಿಬಿಟ್ಟಿದ್ದರು. ನಮ್ಮ ಸಂಡೂರಿನವರು ಅದನ್ನು ತಾವೇ ತಿದ್ದಿ, ತಿದ್ದಿದ ಕಾರಣ ಬರೆಯುವ ಜಾಗದಲ್ಲಿ "ನಾವು ಎಲ್ಲಿಗೂ ಹೋಗಿಲ್ಲ" ಎಂದು ಬರೆದರು.

ಹಾಗಾಗಿ ಮೂವರೂ ಮಾತಾಡಿ ಒಂದು ಮಾದರಿ ಮಾಡಿದೆವು. ಪುಟದ ಬಲಗಡೆ ಒಂದು ಮಾಹಿತಿ ಪೆಟ್ಟಿಗೆ: ತಾಲೂಕು, ಜಿಲ್ಲೆ, ಸೇರುವ ಹಳ್ಳಿಗಳು, ಸದಸ್ಯರ ಸಂಖ್ಯೆ. ಕೆಳಗೆ ಅಧ್ಯಕ್ಷರ ಕೋಷ್ಟಕ: ಹೆಸರು, ಆರಂಭ, ಅಂತ್ಯ. ಕೋಷ್ಟಕ ಕಟ್ಟಿದ್ದು ನಾನು. ಅಂತ್ಯದ ಜಾಗ ಖಾಲಿ ಬಿಟ್ಟರೆ ಅಲ್ಲಿ "ಹಾಲಿ" ಎಂದು ತಾನಾಗಿಯೇ ಮೂಡುವಂತೆ ಮಾಡಿದ್ದೆ. ಈಗಿನ ಅಧ್ಯಕ್ಷರ ಸಾಲಿಗೆ ಅದು ಅನುಕೂಲ. ಇದು ಮುಂದೆ ಬರುತ್ತದೆ.

ನಿಯಮಗಳು ಐದು. ನಾಲ್ಕನೆಯದು ನಾನು ಸೇರಿಸಿದ್ದು: ಒಂದು ಅವಧಿಗೆ ಒಂದೇ ಸಾಲು, ಹೆಸರು ಪಂಚಾಯಿತಿ ಕಚೇರಿಯ ಬೋರ್ಡಿನಲ್ಲಿ ಇರುವಂತೆ.

ಈ ಬೋರ್ಡು ಬಹುತೇಕ ಪಂಚಾಯಿತಿ ಕಚೇರಿಗಳಲ್ಲಿ ಇರುತ್ತದೆ. ಅಧ್ಯಕ್ಷರ ಕೋಣೆಯಲ್ಲಿ, ಕುರ್ಚಿಯ ಹಿಂದಿನ ಗೋಡೆಯ ಮೇಲೆ. ಹಸಿರು ಹಲಗೆ, ಹಳದಿ ಇಲ್ಲವೇ ಬಿಳಿ ಅಕ್ಷರ. ಕ್ರಮಸಂಖ್ಯೆ, ಹೆಸರು, ಇಂದ, ವರೆಗೆ. ಯಾರದೋ ನೆನಪಿಗಿಂತ, ಹುಟ್ಟುಹಬ್ಬದ ಬ್ಯಾನರಿಗಿಂತ ಅದು ಗಟ್ಟಿ ಅನ್ನಿಸಿತ್ತು. ರಜೆ ಇದ್ದಾಗ, ಅರ್ಧ ದಿನ ಸಿಕ್ಕಾಗ ಬಸ್ಸಿನಲ್ಲಿ ಹೋಗಿ ಬೋರ್ಡುಗಳ ಫೋಟೊ ತೆಗೆದುಕೊಂಡು ಬರುತ್ತಿದ್ದೆ. ಕಂಪ್ಲಿ ಕಡೆಯ ಒಂದು ಕಚೇರಿಯಲ್ಲಿ ನೀರು ಬಿಡುವ ವಾಟರ್‌ಮನ್ ಕೋಣೆಯ ಬೀಗ ತೆಗೆದು, ನನ್ನ ನಂಬರ್ ಬರೆದುಕೊಂಡು, ಬೋರ್ಡಿನ ಮುಂದೆ ತಾನೂ ನಿಂತ. ಪಕ್ಕಕ್ಕೆ ಸರಿಯಲು ಹೇಳಿದರೆ ಬೇಜಾರಾಗುತ್ತದೆಂದು ಹಾಗೇ ತೆಗೆದೆ. ಆ ಫೋಟೊದಲ್ಲಿ ಎರಡನೆಯ ಸಾಲು ಅವನ ತಲೆಯ ಹಿಂದೆ ಹೋಗಿದೆ.

ಜುಲೈ 31ರ ಲೆಕ್ಕ: ಸರಿಮಾಡಿದ ಪುಟ 62. ಹೊಸದಾಗಿ ಸೇರಿಸಿದ ಸಾಲು 118. ಬೋರ್ಡಿಗೆ ಹೊಂದದ್ದಕ್ಕೆ ತೆಗೆದ ಸಾಲು 7. ಆ ಏಳರಲ್ಲಿ ಹೆಂಗಸರ ಹೆಸರು 6. ಆರು ಎಂಬುದನ್ನು ಬರೆದಿದ್ದೇನೆ, ಅದರ ಮುಂದೆ ಏನೂ ಬರೆದಿಲ್ಲ.

ಆಗಸ್ಟ್ 3, ಭಾನುವಾರ, ಬೆಳಗ್ಗೆ 8.10. ಕಂಪ್ಲಿ ತಾಲೂಕಿನ ಒಂದು ಊರಿನ ಚರ್ಚಾಪುಟದಲ್ಲಿ ಹೊಸ ಸಂದೇಶ ಇತ್ತು. ಚರ್ಚಾಪುಟ ಎಂದರೆ ಪ್ರತಿ ಲೇಖನದ ಹಿಂಭಾಗದಲ್ಲಿ ತಕರಾರು ಬರೆಯಲು ಇರುವ ಜಾಗ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಮೆಟ್ರಿ ಎಂಬ ಊರಿನಿಂದ ಇನ್ನೂ ಆಚೆ ಎಂದರೆ ಸಾಕು. ಸಂದೇಶ ಹೀಗಿತ್ತು:

"ನಮ್ಮ ಅವ್ವನ ಹೆಸರು ಯಾಕೆ ತೆಗೆದಿರಿ? ಅವರು ಅಧ್ಯಕ್ಷರಾಗಿದ್ದರು. ನಾನೇ ಸೇರಿಸಿದ್ದೆ. ಅವ್ವ ಗದ್ದೆಯಲ್ಲಿ ಎಲ್ಲರಿಗೂ ಫೋನ್ ತೋರಿಸಲು ಹೋದರೆ ಹೆಸರು ಇರಲಿಲ್ಲ. ಸುಳ್ಳು ಹೇಳುತ್ತಾಳೆ ಅಂತ ಆಡಿಕೊಳ್ಳುತ್ತಿದ್ದಾರೆ."

ಪುಟದ ಇತಿಹಾಸ, ಅಂದರೆ ಯಾರು ಯಾವಾಗ ತಿದ್ದಿದರೆಂಬ ಪಟ್ಟಿ, ತೆರೆದೆ. ತೆಗೆದವಳು ನಾನೇ, ಜುಲೈ 14ರಂದು. ಕಾರಣ: "ಮಾದರಿಗೆ ಅನುಗುಣವಾಗಿ." ಬೋರ್ಡಿನ ಫೋಟೊ ತೆಗೆದು ನೋಡಿದೆ. ವಾಟರ್‌ಮನ್ ನಿಂತಿದ್ದ ಅದೇ ಫೋಟೊ. ಅವನ ತಲೆಯ ಹಿಂದಿನ ಸಾಲು ಬಹಳ ಹಳೆಯ ಅವಧಿಯದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಜಿಲ್ಲೆ ಎರಡಾದ ವರ್ಷ ಶುರುವಾದ ಎರಡೂವರೆ ವರ್ಷದ ಅವಧಿಗೆ ಬೋರ್ಡಿನಲ್ಲಿ ಬೇರೆ ಹೆಂಗಸಿನ ಹೆಸರು ಸ್ಪಷ್ಟವಾಗಿತ್ತು. ಅಂದರೆ ನನ್ನ ನಿಯಮದ ಪ್ರಕಾರ ನಾನು ಮಾಡಿದ್ದು ಸರಿ ಇತ್ತು. ಹಾಗೆಂದೇ ಉತ್ತರ ಬರೆಯಲು ಶುರುಮಾಡಿ, ಅಳಿಸಿ, ಬರುವ ಭಾನುವಾರ ಬರುತ್ತೇನೆ ಎಂದು ಬರೆದೆ.

ಆಗಸ್ಟ್ 10. ಸಂದೇಶ ಬರೆದ ಮಗಳು ಬಸ್ ಇಳಿಯುವಲ್ಲಿ ಕಾಯುತ್ತಿದ್ದಳು. ಹೊಸಪೇಟೆಯಲ್ಲಿ ನರ್ಸಿಂಗ್ ಓದುತ್ತಾಳೆ, ಭಾನುವಾರ ಊರಿಗೆ ಬರುತ್ತಾಳೆ. ಅವ್ವ ಮನೆಯಲ್ಲಿಲ್ಲ, ನಾಟಿಗೆ ಹೋಗಿದ್ದಾಳೆ ಎಂದಳು. ಕಾಲುವೆಗೆ ನೀರು ಬಂದು ಮೂರು ವಾರವಾಗಿತ್ತು. ಬದುವಿನ ಮೇಲೆ ಇಬ್ಬರೂ ಹೋದೆವು. ಹನ್ನೊಂದು ಜನ ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ಮೊದಲು ನಮ್ಮನ್ನು ನೋಡಿದವಳು ಸೊಂಟ ನೆಟ್ಟಗೆ ಮಾಡಿ ಕೂಗಿದಳು.

"ಏ ಅಧ್ಯಕ್ಷಿ, ಬಾರ್ಬೇ ಇಲ್ಲಿ. ನಿನ್ನ ಕಾಣಾಕ ಆಫೀಸಿನವ್ರು ಬಂದಾರ!"

"ಫೋನ್ನ್ಯಾಗ ಸಿಗಲಿಲ್ಲಂತ ಗದ್ದಿಗೇ ಬಂದಾರ ನೋಡ್," ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

ಸಾಲಿನ ಕೊನೆಯಲ್ಲಿದ್ದ ಒಬ್ಬರು ನಗಲಿಲ್ಲ. ಕೈಯಲ್ಲಿದ್ದ ಸಸಿಯ ಕಟ್ಟು ಮುಗಿಸಿ, ಕಾಲುವೆಯಲ್ಲಿ ಕೈಕಾಲು ತೊಳೆದು ಬಂದರು. ನಲವತ್ತೈದು, ಐವತ್ತರ ನಡುವಿನ ವಯಸ್ಸು. ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಂಡಿದ್ದರು. ನಾನು ಯಾರೆಂದು ಮಗಳು ಹೇಳಿದಳು.

"ನೀವಾ ತೆಗದವ್ರು?"

"ಹೌದ್ರಿ."

"ಕುಂದ್ರಿ," ಎಂದರು. ಬದುವಿನ ಮೇಲೆ ಒಂದು ಖಾಲಿ ಗೊಬ್ಬರದ ಚೀಲ ಹಾಸಿದರು. "ನಾ ಅಧ್ಯಕ್ಷಿ ಆಗಿದ್ದು ಖರೇ ಐತವ್ವ. ಆ ವರ್ಷ ಹೊಸಪೇಟಿ ಜಿಲ್ಲಾ ಆತು. ಎರಡು ಸಲ ಬಾವುಟ ಏರ್ಸೀನಿ. ಒಂದ್ ಸಲ ಮಳಿ ಬರ್ತಿತ್ತು."

ಆಮೇಲೆ ಹೇಳಿದ್ದನ್ನು ಅವತ್ತೇ ಬಸ್ಸಿನಲ್ಲಿ ಬರೆದುಕೊಂಡೆ. ಆ ಅವಧಿಗೆ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿತ್ತು. ಗೆದ್ದವರಲ್ಲಿ ಅಂಥವರು ಇಬ್ಬರು. ಯಾರಾಗಬೇಕೆಂದು ಊರಿನ ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದರು: ಹದಿನೈದು ತಿಂಗಳು ಇವರು, ಹದಿನೈದು ತಿಂಗಳು ಅವರು. ನಮ್ಮ ಕಡೆ ಇದಕ್ಕೆ ಒಳ ಒಪ್ಪಂದ ಎನ್ನುತ್ತಾರೆ. ಮೊದಲು ಕೂರುವವರು ಆಮೇಲೆ ಏಳದಿದ್ದರೆ ಏನು ಗತಿ ಎಂಬುದಕ್ಕೆ ಒಂದು ಪದ್ಧತಿ ಇದೆ. ಆಯ್ಕೆಯಾಗುವ ಮೊದಲೇ ಅವರಿಂದ ರಾಜೀನಾಮೆ ಬರೆಸಿಕೊಂಡು ಒಬ್ಬ ಹಿರಿಯರ ಹತ್ತಿರ ಇಡುತ್ತಾರೆ. ಸಹಿ ಇರುತ್ತದೆ, ತಾರೀಖು ಇರುವುದಿಲ್ಲ. ಅದನ್ನು ಬೇಕಾದಾಗ ತುಂಬುತ್ತಾರೆ.

"ಸಹಿ ಮಾಡೋದನ್ನ ಸಾಲಿ ಟೀಚರ್ ಕಲಿಸಿದ್ರು," ಎಂದರು. "ಸಹಿ ಕೆಳಗ ತಾರೀಖ ಹಾಕ್ಬೇಕು, ಇಲ್ಲಾಂದ್ರ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಮಾಡ್ತಾರ ಅಂದಿದ್ರು. ಹಾಕಾಕ ಹೋದ್ನಿ. ತಾರೀಖ ಬ್ಯಾಡಬೇ, ಸಹಿ ಅಷ್ಟ ಸಾಕು ಅಂದ್ರು."

"ಹಾಕಲಿಲ್ವಾ?"

"ಕುರ್ಚಿ ಇನ್ನಾ ಕಂಡಿರಲಿಲ್ಲ. ಹಾಕಿದ್ರ ಕುರ್ಚೀನೂ ಕಾಣ್ತಿರಲಿಲ್ಲ."

ಇಳಿದ ದಿನ ಯಾವುದು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದ ಕಾಲ. ಒಂದು ಬೆಳಗ್ಗೆ ತಮ್ಮ ಕೇರಿಯ ನಲ್ಲಿಯ ವಿಷಯಕ್ಕೆ ಕಚೇರಿಗೆ ಹೋದಾಗ ವಾಟರ್‌ಮನ್ ಬಾಗಿಲಲ್ಲೇ ಹೇಳಿದ: ಅಕ್ಕ, ನಿನ್ನ ರಾಜೀನಾಮಿ ಪಾಸಾಗೇತಿ. ಒಳಗೆ ಹೋಗದೆ ವಾಪಸ್ ಬಂದರು. ಕಾಗದ ಇಟ್ಟುಕೊಂಡಿದ್ದ ಹಿರಿಯರನ್ನು ಒಮ್ಮೆ ಕೇಳಿದ್ದರಂತೆ. ಹದಿನೈದು ತುಂಬಿತ್ತಲ್ಲ, ಇನ್ನೇನು ಎಂದರಂತೆ.

"ತುಂಬಿತ್ತೇನ್ರಿ?"

"ನಂಗ ಹಂಗನ್ಸಲ್ಲ. ತಿಂಗಳ ಲೆಕ್ಕ ಬರ್ತೈತಿ ನಂಗ. ತುಂಬಿರಲಿಲ್ಲ ಅನಸ್ತೈತಿ." ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, "ಅದಿರ್ಲಿ. ಹೆಸರು ಹಾಕ್ತೀರಿಲ್ಲೋ?" ಎಂದರು.

ಬೋರ್ಡಿನಲ್ಲಿ ಯಾಕಿಲ್ಲ ಎಂಬುದು ಬಸ್ ಕಾಯುವಾಗ ವಾಟರ್‌ಮನ್‌ನಿಂದ ಗೊತ್ತಾಯಿತು. ಪೇಂಟರ್ ಕಂಪ್ಲಿಯಿಂದ ಬರಬೇಕು. ಅವಧಿ ಮುಗಿದ ಮೇಲೆ ಒಮ್ಮೆ ಕರೆಸುತ್ತಾರೆ. ಆಗ ಕುರ್ಚಿಯ ಮೇಲೆ ಯಾರಿರುತ್ತಾರೋ ಅವರ ಹೆಸರು ಹೇಳುತ್ತಾರೆ, ಇಡೀ ಅವಧಿಯನ್ನು ಅವರಿಗೇ ಬರೆಯುತ್ತಾನೆ.

"ನಡುವ ಇಳದವ್ರದು?" ಎಂದು ಕೇಳಿದೆ.

"ಹಲಿಗಿ ಸಾಕಾಗಂಗಿಲ್ರಿ ಮೇಡಂ," ಎಂದ.

62 ಪುಟಗಳಿಗೂ ಅಳತೆಗೋಲಾಗಿ ನಾನು ಹಿಡಿದದ್ದು ಈ ಹಲಗೆಯನ್ನು.

ಆಗಸ್ಟ್ 17. ನಾವು ಮೂವರು ತಿಂಗಳಿಗೊಮ್ಮೆ ಕಡ್ಡಿರಾಂಪುರದ ರಸ್ತೆ ಬದಿಯ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ಹಂಪಿಯವರಿಗೂ ನನಗೂ ಹತ್ತಿರ, ಸಂಡೂರಿನವರಿಗೆ ಅಲ್ಲಿಯ ಮಂಡಕ್ಕಿ ಮಿರ್ಚಿ ಇಷ್ಟ. ನಾಲ್ಕನೆಯ ನಿಯಮ ತೆಗೆಯಬೇಕು ಎಂದೆ. ಸಂಡೂರಿನವರು ಮಿರ್ಚಿಯ ಎಣ್ಣೆಯನ್ನು ಪೇಪರಿಗೆ ಒತ್ತುತ್ತಾ ಕೇಳಿದರು:

"ನಿಯಮ ಮಾಡಿದವ್ರು ಯಾರು ಮೇಡಂ?"

"ನಾನೇ ಸರ್."

"ಎರಡು ತಿಂಗಳಾತು. ಅರವತ್ತೆರಡು ಪುಟ ಆಗ್ಯಾವ. ಈಗ ಒಬ್ರು ಅತ್ರು ಅಂತ ಬದಲಿ ಮಾಡಿದ್ರ ನಾಳಿ ಇನ್ನೊಬ್ರು ಅಳ್ತಾರ."

"ಅವರು ಅಳಲಿಲ್ಲ ಸರ್. ನಾಟಿ ಮಾಡ್ತಿದ್ರು."

"ಅಲ್ರಿ, ನನ್ನ ಮಾತು ಬ್ಯಾರೆ. ಆಕಿ ಹೇಳಿದ್ದು ನಿಜಾನ ಇರ್ಬೌದು. ಆಧಾರ ಎಲ್ಲೈತಿ? ಗದ್ದಿಯಾಗ ಕುಂತು ಹೇಳಿದ್ದನ್ನ ವಿಶ್ವಕೋಶದಾಗ ಹಾಕಾಕ ಬರ್ತೈತೇನು? ನಾಳಿ ನಾನೂ ಒಂದ್ ವರ್ಷ ಸಂಡೂರಿನ ರಾಜ ಆಗಿದ್ದೆ ಅಂತೀನಿ."

ಹಂಪಿಯವರು ನಕ್ಕರು. "ಆಗ್ರಿ ಸರ. ಗುಡ್ಡದ ಮ್ಯಾಲ ಒಂದು ಕಲ್ಲು ಕೆತ್ತಿಸ್ರಿ ಸಾಕು. ದಿನಾ ಕಲ್ಲು ತೋರ್ಸೇ ಊಟ ಮಾಡಾಂವ ನಾನು. ಕಲ್ಲಿನ್ಯಾಗಿದ್ದದ್ದಕ್ಕ ಎಲ್ರೂ ತಲಿ ಅಲ್ಲಾಡಿಸ್ತಾರ. ಕೆತ್ತಿಸಿದಂವ ಯಾರು, ಯಾರನ್ನ ಬಿಟ್ಟಾನ ಅಂತ ಇಷ್ಟು ವರ್ಷದಾಗ ಒಬ್ರೂ ಕೇಳಿಲ್ಲ."

"ಹಂಗಂತ ಕೇಳಿದ್ದೆಲ್ಲ ಬರಿಯಾಕಾಗಲ್ಲ."

"ನಾನೂ ಬರಿ ಅನ್ನಲ್ಲ. ಪೇಂಟರ್ನ ನಂಬೂದಾದ್ರ ಇನ್ನಾ ಸ್ವಲ್ಪ ಹುಡ್ಕ್ರಿ ಅಂತೀನಿ."

ಆಮೇಲೆ ದಾರಿ ಹೇಳಿದವರು ಸಂಡೂರಿನವರೇ. ಪಂಚಾಯಿತಿಗಳ ಸರ್ಕಾರಿ ಜಾಲತಾಣದಲ್ಲಿ ಕೆಲವು ಕಡೆಯವರು ಸಭೆಯ ನಡಾವಳಿಯನ್ನು ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಪ್ರತಿ ಸಭೆಯ ಕೊನೆಗೆ ಅಧ್ಯಕ್ಷರ ಸಹಿ ಇರಲೇಬೇಕು. ಸಾರ್ವಜನಿಕವಾಗಿ ಪ್ರಕಟವಾದ ದಾಖಲೆ, ಯಾರು ಬೇಕಾದರೂ ತೆರೆದು ನೋಡಬಹುದು. "ಅದು ಸಿಕ್ರ ನಾನೇ ಮೊದ್ಲು ಒಪ್ತೀನಿ," ಎಂದರು.

ಅದು ಸಿಗಲು ಹದಿನೆಂಟು ಬೆಳಗು ಹಿಡಿಯಿತು. ಜಾಲತಾಣ ನಿಧಾನ, ತಿಂಗಳು ಆರಿಸಿದರೆ ವರ್ಷ ಹೋಗುತ್ತಿತ್ತು, ವರ್ಷ ಆರಿಸಿದರೆ ತಾಲೂಕು ಹೋಗುತ್ತಿತ್ತು. ಕೆಲವು ಪುಟ ತಲೆಕೆಳಗಾಗಿದ್ದವು. ಆ ಊರಿನ ಆ ಹದಿನೈದು ತಿಂಗಳಿಗೆ ಸಿಕ್ಕ ಸಭೆಗಳು 13. ಓದಲು ಬಂದದ್ದು 11. ಹನ್ನೊಂದರಲ್ಲೂ ಅಧ್ಯಕ್ಷರ ಜಾಗದಲ್ಲಿ ಇವರ ಸಹಿ ಇತ್ತು. ದೊಡ್ಡ ಅಕ್ಷರ, ಒಂದೊಂದೂ ಬಿಡಿಬಿಡಿ, ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಕೆಲವು ಕಡೆ ಮೇಲಕ್ಕೆ ಏರಿತ್ತು. ಹನ್ನೊಂದು ಸಹಿಗಳ ಕೆಳಗೂ ತಾರೀಖು ಇತ್ತು, ಅದೇ ಕೈಬರಹದಲ್ಲಿ. ಉಳಿದ ಸದಸ್ಯರು ಯಾರೂ ತಾರೀಖು ಹಾಕಿರಲಿಲ್ಲ.

ಆಯ್ಕೆಯಾದದ್ದು ಫೆಬ್ರುವರಿ 8. ಅವರ ಕೊನೆಯ ಸಹಿ ಮರುವರ್ಷದ ಏಪ್ರಿಲ್ 27. ಅದರ ನಂತರದ ಸಭೆ ಜೂನ್ 6, ಅದರಲ್ಲಿ ಇನ್ನೊಬ್ಬರ ಸಹಿ. ರಾಜೀನಾಮೆ ಪತ್ರ ಎಲ್ಲೂ ಇಲ್ಲ. ಏಪ್ರಿಲ್ 27ಕ್ಕೆ ಹದಿನಾಲ್ಕು ತಿಂಗಳು ಹತ್ತೊಂಬತ್ತು ದಿನ. ಹದಿನೈದು ತುಂಬುವುದು ಮೇ 8ಕ್ಕೆ. ಅವರು ಇಳಿದದ್ದು ಆ ಹನ್ನೊಂದು ದಿನಗಳ ಒಳಗೋ ಆಮೇಲೋ ಎಂಬುದು ಈ ಪುಟಗಳಿಂದ ತಿಳಿಯುವುದಿಲ್ಲ.

ಸಂಡೂರಿನವರಿಗೆ ಕಳಿಸಿದೆ. ಹನ್ನೆರಡು ನಿಮಿಷಕ್ಕೆ ಉತ್ತರ ಬಂತು: "ಒಪ್ಪಿದೆ. ನಾಲ್ಕನೇದು ತೆಗೀರಿ." ಅದರ ಕೆಳಗೆ, "ಸಹಿ ಭಾಳ ಚಂದ ಐತಿ."

ಸೆಪ್ಟೆಂಬರ್ 21, ಭಾನುವಾರ, ಬೆಳಗ್ಗೆ 9.15ಕ್ಕೆ ಅವರ ಸಾಲನ್ನು ವಾಪಸ್ ಸೇರಿಸಿದೆ. ಹೆಸರು, ಆರಂಭ, ಆಧಾರ. ಅಂತ್ಯದ ತಾರೀಖು ಗೊತ್ತಿಲ್ಲದ್ದರಿಂದ ಆ ಜಾಗವನ್ನು ಖಾಲಿ ಬಿಟ್ಟೆ. ಮಗಳಿಗೆ ಸಂದೇಶ ಕಳಿಸಿ, ಬಟ್ಟೆ ಒಗೆಯಲು ಹೋದೆ.

ಸೆಪ್ಟೆಂಬರ್ 24, ಬುಧವಾರ, ಮಧ್ಯಾಹ್ನ 12.50. ಕಚೇರಿಯಲ್ಲಿ ಡಬ್ಬಿ ತೆರೆಯುವಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಕಂಪ್ಯೂಟರ್‌ನ್ಯಾಗ ಪಂಚಾಯ್ತಿ ಬರಿಯೋ ಮೇಡಂ ನೀವಾ?"

"ಹೌದ್ರಿ. ತಾವು?"

"ನಾನು ಅಧ್ಯಕ್ಷರು ಮಾತಾಡೋದು."

ಗಂಡಸಿನ ದನಿ. ಆ ಪಂಚಾಯಿತಿಯ ಈಗಿನ ಅಧ್ಯಕ್ಷರು ಹೆಂಗಸು ಎಂದು ನನ್ನ ಕೋಷ್ಟಕದಲ್ಲಿತ್ತು. "ಅಧ್ಯಕ್ಷರು ಮಹಿಳೆ ಅಲ್ಲೇನ್ರಿ?" ಎಂದೆ.

"ಹೂಂರಿ, ನಮ್ಮನಿಯವ್ರು. ಎರಡೂ ಒಂದ. ಏನ್ ಮಾಡೀರಿ ಇದು? ನಾವ್ ಇಲ್ಲಿ ಕುರ್ಚಿ ಮ್ಯಾಲ ಕುಂತೀವಿ, ನಿಮ್ಮ ಫೋನ್ನ್ಯಾಗ ಆ ಕೇರಿಯಾಕಿ ಹಾಲಿ ಅಧ್ಯಕ್ಷಿ ಅಂತ ಐತಿ! ಮುಂಜಾನಿಂದ ಹತ್ತು ಮಂದಿ ಕಳಿಸ್ಯಾರ ನಂಗ."

ಆಗ ನೆನಪಾಯಿತು. ಅಂತ್ಯ ಖಾಲಿ ಇದ್ದರೆ "ಹಾಲಿ". ನಾನೇ ಬರೆದ ಸೂತ್ರ.

"ಅಧ್ಯಕ್ಷರಿಗೇ ಫೋನ್ ಕೊಡ್ರಿ, ಅವರಿಗೇ ತಪ್ಪಾಯ್ತು ಅಂತೀನಿ," ಎಂದೆ.

"ಅವ್ರು ರೊಟ್ಟಿ ಬಡಿಯಾಕತ್ಯಾರ. ನಂಗ ಹೇಳ್ರಿ, ನಾ ಹೇಳ್ತೀನಿ."

1.05ಕ್ಕೆ ಸರಿಮಾಡಿದೆ. ಅಂದರೆ ವಿಶ್ವಕೋಶದ ಪ್ರಕಾರ ಆ ಊರಿಗೆ ಮೂರು ದಿನ, ಮೂರು ಗಂಟೆ, ಐವತ್ತು ನಿಮಿಷ ಇಬ್ಬರು ಹಾಲಿ ಅಧ್ಯಕ್ಷೆಯರಿದ್ದರು. ಅದೇ ಸಂಜೆ ಮಾದರಿಯನ್ನೇ ಬದಲಿಸಿದೆ. ಈಗ ಅಂತ್ಯ ಖಾಲಿ ಬಿಟ್ಟರೆ ಖಾಲಿಯಾಗಿಯೇ ಉಳಿಯುತ್ತದೆ. "ಹಾಲಿ" ಬೇಕಾದರೆ ಕೈಯಿಂದ ಬರೆಯಬೇಕು. ಗೊತ್ತಿಲ್ಲದಿದ್ದರೆ "ತಿಳಿದಿಲ್ಲ" ಎಂದು ಬರೆದು, ಯಾವ ತಾರೀಖಿನಿಂದ ಯಾವ ತಾರೀಖಿನ ನಡುವೆ ಎಂದು ಹಾಕಬಹುದು. ಒಂದು ಅವಧಿಗೆ ಎಷ್ಟು ಸಾಲು ಬೇಕಾದರೂ ಇರಬಹುದು. ಅರವತ್ತೆರಡು ಪುಟಗಳನ್ನೂ ಮತ್ತೆ ತೆರೆದು ನೋಡಬೇಕಾಯಿತು.

ಸೆಪ್ಟೆಂಬರ್ 28ಕ್ಕೆ ಮತ್ತೆ ಆ ಊರಿಗೆ ಹೋದೆ. ಕರೆದಿದ್ದು ಮಗಳು. ಮನೆಯಲ್ಲಿ ಬುದ್ಧನ ಚಿತ್ರದ ಪಕ್ಕ ಒಂದು ಫೋಟೊ ಇತ್ತು, ಹಿಂದಿನ ಸಲ ಮನೆಗೆ ಹೋಗಿರದ ಕಾರಣ ನೋಡಿರಲಿಲ್ಲ. ಬಾವುಟದ ಕಂಬ, ಕೊಡೆ ಹಿಡಿದ ನಾಲ್ಕೈದು ಗಂಡಸರು, ನಡುವೆ ಕೊಡೆ ಇಲ್ಲದೆ ಹಗ್ಗ ಹಿಡಿದಿರುವ ಇವರು. ನಾಟಿಯಲ್ಲಿದ್ದವರಲ್ಲಿ ಇಬ್ಬರು ಹೆಂಗಸರು ಚಹಾಕ್ಕೆ ಬಂದಿದ್ದರು. ಮೊದಲು ಕೂಗಿದ್ದವಳು ಅವರಲ್ಲೊಬ್ಬಳು.

"ಮೂರ್ ದಿನ ಆಳಿದ್ಳು ನೋಡ್ರಿ," ಎಂದಳು ಅವಳು. "ಕಳಿ ತೆಗಿಯಾಗ ನಾನ್ ಕೇಳ್ದೆ, ಅಧ್ಯಕ್ಷರ, ನಮ್ಮ ಓಣಿಗೆ ಲೈಟ್ ಯಾವಾಗ ಅಂತ. ಅರ್ಜಿ ಕೊಡು ಅಂದ್ಳು!"

"ಕೊಟ್ಟೇನು ನೀನು? ಕೊಡಲಿಲ್ಲ," ಎಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, "ಈ ಮೂರ್ ದಿನಕ್ಕ ಯಾರೂ ನನ್ ಕೈಲಿ ಕಾಗದ ಬರಸ್ಕೊಂಡಿರಲಿಲ್ಲ," ಎಂದು ನಕ್ಕರು.

ಮಗಳು ಫೋನಿನಲ್ಲಿ ಪುಟ ತೆರೆದು ಕೊಟ್ಟಳು. ಅವರು ಹೆಸರಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆರಂಭದ ತಾರೀಖು ಓದಿದರು. ಬೆರಳು ಮುಂದಿನ ಜಾಗಕ್ಕೆ ಹೋಗಿ ನಿಂತಿತು.

"ಇದೇನು?"

"ತಿಳಿದಿಲ್ಲ ಅಂತ ಐತ್ರಿ. ಏಪ್ರಿಲ್ 27ರಿಂದ ಜೂನ್ 6ರ ನಡುವ."

"ಹದಿನೈದು ತುಂಬಿತ್ತೋ ಇಲ್ಲೋ ಇದ್ರಾಗ ಗೊತ್ತಾಗಲ್ಲ?"

"ಇಲ್ರಿ. ಹದಿನಾಲ್ಕು ತಿಂಗಳು ಹತ್ತೊಂಬತ್ತು ದಿನ ಅಂತೂ ಖರೇ. ಅಲ್ಲಿವರಿಗೂ ನಿಮ್ಮ ಸಹಿ ಐತಿ. ಆಮೇಲಿಂದು ಗೊತ್ತಿಲ್ಲ."

ಅವರು ಫೋನನ್ನು ಮಗಳಿಗೆ ಕೊಟ್ಟರು. "ಗೊತ್ತಾದ್ರ ಹೇಳವ್ವ. ಜಗಳಕ್ಕಲ್ಲ. ಲೆಕ್ಕ ಒಂದು ಸರಿ ಹೋಗ್ತೈತಿ," ಎಂದು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು.

ಕಾಗದ ಇಟ್ಟುಕೊಂಡಿದ್ದ ಹಿರಿಯರ ಮನೆಗೂ ಹೋಗಿದ್ದೆ. ಮರ್ಯಾದೆಯಿಂದಲೇ ಮಾತಾಡಿಸಿದರು. ಕಾಗದ ತೆಗೆದುಕೊಟ್ಟದ್ದು ನೆನಪಿದೆ, ತಾರೀಖು ತುಂಬಿದ್ದು ತಾವಲ್ಲ, ಯಾರೆಂದು ನೆನಪಿಲ್ಲ ಎಂದರು. ಬರೆದುಕೊಂಡು ಬಂದೆ.

ಈ ಹೊತ್ತಿನ ಲೆಕ್ಕ: ತೆಗೆದಿದ್ದ ಏಳು ಸಾಲುಗಳೂ ವಾಪಸ್ ಬಂದಿವೆ. ನಾಲ್ಕಕ್ಕೆ ಎರಡೂ ತಾರೀಖು ಸಿಕ್ಕಿದೆ. ಮೂರಕ್ಕೆ ಅಂತ್ಯದಲ್ಲಿ "ತಿಳಿದಿಲ್ಲ" ಎಂದಿದೆ. ಮೂವರೂ ಹೆಂಗಸರು, ಮೂರೂ ಕಡೆ ಸಹಿ ಮೊದಲು, ತಾರೀಖು ಆಮೇಲೆ. ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಿನ ಯಾವುದೇ ಪಂಚಾಯಿತಿಯಲ್ಲಿ ಹೀಗೆ ನಡುವೆ ಇಳಿದವರ ತಾರೀಖು ಗೊತ್ತಿದ್ದವರು ಆ ಊರಿನ ಚರ್ಚಾಪುಟದಲ್ಲಿ ಬರೆಯಿರಿ. ಒಂದು ಸಭೆಯ ನಡಾವಳಿ, ಉದ್ಘಾಟನೆಯ ಆಹ್ವಾನ ಪತ್ರಿಕೆ, ಬಾವುಟ ಏರಿಸಿದ ಫೋಟೊ, ಯಾವುದಾದರೂ ಆಗುತ್ತದೆ. ಮೆಟ್ರಿಯ ಆಚೆಯ ಆ ಊರಿನಲ್ಲಿ, ಆ ಬೇಸಿಗೆಯಲ್ಲಿ, ಬೇರೆಯವರ ಸಹಿಯ ಕೆಳಗೆ ತಾರೀಖು ತುಂಬಿದವರು ಇದನ್ನು ಓದುತ್ತಿದ್ದರೆ, ಅವರೂ ಬರೆಯಬಹುದು. ಹೆಸರು ಬೇಡ. ತಾರೀಖು ಒಂದು ಸಾಕು.